ಎದೆಗೂಡಿನ ನಡುವಿನ ಗಂಟು

ಹದಿನಾಲ್ಕು ಹದಿನೈದರ ಹುಡುಗ ವಾರಗಟ್ಟಲೆ ಕೆಮ್ಮಿದರೆ ಮೊದಲು ನೆನಪಾಗುವುದು ಆಸ್ತಮಾ. ಸಂಜೆ ಜ್ವರ ಬಂದು ಮೈ ಇಳಿದರೆ ಟಿಬಿ. ಹಾಗೆ ನೆನೆಯುವುದರಲ್ಲಿ ತಪ್ಪಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಆದರೆ ಅದೇ ವಯಸ್ಸಿನಲ್ಲಿ ಅದೇ ವೇಷದಲ್ಲಿ ಬರುವ ಇನ್ನೊಂದು ಕಾಯಿಲೆಯಿದೆ: ಎರಡು ಶ್ವಾಸಕೋಶಗಳ ನಡುವೆ ಬೆಳೆಯುವ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅಪರೂಪದ್ದು, ಆದರೆ ಹೊತ್ತಿಗೆ ಸರಿಯಾಗಿ ಕಂಡುಹಿಡಿದರೆ ಬಹುಪಾಲು ಮಕ್ಕಳಲ್ಲಿ ಗುಣವಾಗುವಂಥದ್ದು. ಅದಕ್ಕೇ ಇಷ್ಟು ಬರೆಯಬೇಕೆನಿಸಿತು.

ಲಿಂಫೋಮಾದ ಒಂದು ಬಗೆಗೆ ಹಾಜ್‌ಕಿನ್ ರೋಗವೆಂದೇ ಹೆಸರು. 1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಜ್‌ಕಿನ್ ದುಗ್ಧಗ್ರಂಥಿಗಳು ಊದಿಕೊಂಡಿದ್ದ ಏಳು ರೋಗಿಗಳ ವಿವರ ಮಂಡಿಸಿದರು. ಅವರಲ್ಲಿ ಚಿಕ್ಕ ಹುಡುಗರೂ ಇದ್ದರು. ಎಕ್ಸ್-ರೇ ಬಂದದ್ದು 1895ರಲ್ಲಿ. ಅಲ್ಲಿಯವರೆಗೆ ಎದೆಯೊಳಗಿನ ಗಂಟನ್ನು ಕಣ್ಣಾರೆ ನೋಡಲು ಶವಪರೀಕ್ಷೆಯೇ ಗತಿಯಾಗಿತ್ತು.

ಈ ಗಂಟು ಸುಳಿವು ಕೊಡುತ್ತದೆ. ಅಂಗಾತ ಮಲಗಿದರೆ ಅದರ ಭಾರ ಶ್ವಾಸನಾಳದ ಮೇಲೆ ಬೀಳುತ್ತದೆ. ಹುಡುಗ ಒಂದು ದಿಂಬಿನಿಂದ ಎರಡಕ್ಕೆ, ಮೂರಕ್ಕೆ ಹೋಗಿ ಕೊನೆಗೆ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾನೆ. ತಲೆಯಿಂದ ರಕ್ತ ಇಳಿಸುವ ಅಭಿಧಮನಿ ಅದುಮಿಹೋದರೆ ಬೆಳಗ್ಗೆ ಮುಖ ಊದಿರುತ್ತದೆ, ಕೊರಳ ನರ ಉಬ್ಬಿರುತ್ತದೆ, ಯೂನಿಫಾರ್ಮಿನ ಮೇಲಿನ ಗುಂಡಿ ಕೂಡುವುದಿಲ್ಲ. ಇದೆಲ್ಲ ತಾಯಿಗೆ ಗೊತ್ತಿರುತ್ತದೆ. "ರಾತ್ರಿ ಹೇಗೆ ಮಲಗ್ತಾನಮ್ಮ?" ಎಂದು ಕೇಳುವವರು ಬೇಕು. ಇನ್‌ಹೇಲರ್‌ಗೆ ಬಗ್ಗದ ಉಬ್ಬಸಕ್ಕೆ ಇನ್ನೊಂದು ಇನ್‌ಹೇಲರ್ ಬರೆಯುವ ಮುಂಚೆ ಎದೆಯ ಎಕ್ಸ್-ರೇ ಆಗಲೇಬೇಕು.

ನನಗೆ ಹೆಚ್ಚು ಭಯವಿರುವುದು ಎಕ್ಸ್-ರೇ ನೋಡದೆ ಕೊಡುವ ಸ್ಟೀರಾಯ್ಡ್ ಮಾತ್ರೆಯದು. ಲಿಂಫೋಮಾ ಕೂಡ ಸ್ಟೀರಾಯ್ಡ್‌ಗೆ ಕರಗುತ್ತದೆ. ನಾಲ್ಕು ದಿನ ಹಾಯೆನಿಸುತ್ತದೆ, ಆಮೇಲೆ ಬಯಾಪ್ಸಿ ಮಾಡಿದರೆ ರೋಗದ ಗುರುತೇ ಸಿಗದೆ ಹೋಗಬಹುದು. ವೇಗವಾಗಿ ಬೆಳೆಯುವ ಬಗೆಯಾದರೆ ಸತ್ತ ಜೀವಕೋಶಗಳಿಂದ ಪೊಟ್ಯಾಸಿಯಂ, ಯೂರಿಕ್ ಆಮ್ಲ ಒಮ್ಮೆಲೇ ರಕ್ತಕ್ಕೆ ನುಗ್ಗಿ ಮೂತ್ರಪಿಂಡ ಕೈಕೊಡಬಹುದು.

ಕೊರಳಿನ ಗಂಟೆಲ್ಲ ಟಿಬಿಯೆಂದು ಆರು ತಿಂಗಳ ಮಾತ್ರೆ ಶುರುಮಾಡುವುದೂ ಹೀಗೆಯೇ. ಸೂಜಿಯಲ್ಲಿ ಎಳೆದ ಹನಿಯಲ್ಲಿ ಹಾಜ್‌ಕಿನ್ ರೋಗದ ಜೀವಕೋಶ ತಪ್ಪಿಸಿಕೊಳ್ಳಬಹುದು; ಸಾಧ್ಯವಾದರೆ ಇಡೀ ಗ್ರಂಥಿಯನ್ನೇ ತೆಗೆದು ನೋಡುವುದು ಲೇಸು. ಎದೆಯಲ್ಲಿ ದೊಡ್ಡ ಗಂಟಿರುವ ಹುಡುಗನಿಗೆ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿದರೆ ಉಸಿರಿನ ದಾರಿಯೇ ಮುಚ್ಚಿಹೋಗುವ ಅಪಾಯವಿದೆ. ಹಾಗಾಗಿ ಇಂಥವನನ್ನು ಊರಿನಲ್ಲೇ ಆಪರೇಷನ್ ಟೇಬಲ್ಲಿಗೆ ಹತ್ತಿಸದೆ, ಮಕ್ಕಳ ಕ್ಯಾನ್ಸರ್ ವಿಭಾಗವಿರುವ ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗೆ ಕೂಡಲೇ ಕಳಿಸಬೇಕು, ದಾರಿಯುದ್ದಕ್ಕೂ ಕೂರಿಸಿಕೊಂಡೇ.