ದನದ ಡಾಕ್ಟರ್ ಅಂದರೆ ಕೀಳೇ?



ಮೊನ್ನೆ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಾಗ ಬನಹಟ್ಟಿಯ ನೇಕಾರ ಬಂಧುವೊಬ್ಬರು ನನ್ನ ಪಕ್ಕಕ್ಕೆ ಬಂದರು. "ಅಣ್ಣಾರ, ಮಗಳು ಪಿಯುಸಿ ಸೈನ್ಸ್ ಮುಗಿಸ್ಯಾಳ. ಎಂಬಿಬಿಎಸ್ ಬ್ಯಾಡ, ದನದ ಡಾಕ್ಟರ್ ಆಗ್ತೀನಿ ಅಂತಾಳ. ಓಣ್ಯಾಗ ಮಂದಿ ನಗತಾರ. ನೀವರ ಬುದ್ಧಿ ಹೇಳ್ರಿ" ಎಂದರು.

ಬುದ್ಧಿ ಯಾರಿಗೆ ಹೇಳಲಿ? ಹಿಂದೆ ನನ್ನ ಮಗನೂ ಇದೇ ಮಾತು ಆಡಿದ್ದ. ನಾನು ಒಪ್ಪಲಿಲ್ಲ. ಇಂದು ಅವನು ದೂರದ ಊರಲ್ಲಿ ಬೇರೆ ನೌಕರಿಯಲ್ಲಿದ್ದಾನೆ. ರಜೆಗೆ ಬಿಳಗಿಯ ಮನೆಗೆ ಬಂದರೆ ಮೊದಲು ಹೋಗುವುದು ಕೊಟ್ಟಿಗೆಗೆ. ಅದನ್ನು ನೋಡಿದಾಗಲೆಲ್ಲ ನನ್ನ ತಪ್ಪು ನನಗೆ ಚುಚ್ಚುತ್ತದೆ.

ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಮನೆಯಲ್ಲಿ ಮಾತ್ರ ಮನುಷ್ಯರ ಡಾಕ್ಟರ್ ದೊಡ್ಡವ, ದನದ ಡಾಕ್ಟರ್ ಸಣ್ಣವ. ದನ ಕಾಯುತ್ತಿದ್ದ ತುರುಗಾಹಿ ರಾಮಣ್ಣನವರು ಬಸವಣ್ಣನವರ ಕಾಲದ ಶರಣರು, ವಚನಕಾರರು. ದನ ಕಾಯುವವರನ್ನು ಶರಣರೆಂದು ಗೌರವಿಸಿದ ಧರ್ಮದವರು ದನದ ಜೀವ ಉಳಿಸುವವರನ್ನು ಕಂಡು ನಗಬಹುದೇ?

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜೋಡಿ ಎತ್ತಿನಲ್ಲಿ ಒಂದನ್ನು ಕಳೆದುಕೊಂಡ ರೈತನ ಗೋಳು ನಾವು ಕಂಡಿದ್ದೇವೆ. ಜಮಖಂಡಿ, ಮುಧೋಳದ ಕಬ್ಬಿನ ನಾಡಿನಲ್ಲೂ ಸಣ್ಣ ಹಿಡುವಳಿಯ ಮನೆಗೆ ದಿನದ ಖರ್ಚು ಒದಗಿಸುವುದು ಎಮ್ಮೆಯ ಹಾಲೇ. ಮುಧೋಳ ನಾಯಿ ತಳಿಯ ಕೆಲಸಕ್ಕೆಂದೇ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಅದನ್ನು ನಡೆಸುವ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರದಲ್ಲಿ, ಶರಣರ ಕಲ್ಯಾಣವಿರುವ ಜಿಲ್ಲೆಯಲ್ಲಿ.

ಆಸಕ್ತಿಯುಳ್ಳ ಮಕ್ಕಳು ತಿಳಿದಿರಬೇಕಾದದ್ದು ಇಷ್ಟು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಇರಲೇಬೇಕು. ಪದವಿಯ ಹೆಸರು ಬಿ.ವಿ.ಎಸ್ಸಿ. ಮತ್ತು ಎ.ಎಚ್.; ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಬರೆಯಬೇಕು, ಶೇ. 15ರ ಅಖಿಲ ಭಾರತ ಸೀಟುಗಳಿಗೆ ನೀಟ್ ಅಂಕ ಬೇಕು. ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಅದಕ್ಕೆ ದಾಖಲೆ ಪತ್ರಗಳ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೊಲವಿಲ್ಲದ ನೇಕಾರರ ಮಕ್ಕಳು ಉಳಿದ ಸೀಟುಗಳಿಗಾಗಿ ಇನ್ನಷ್ಟು ಓದಬೇಕು. ಬೆಂಗಳೂರು, ಬೀದರ, ಹಾಸನ, ಶಿವಮೊಗ್ಗ, ಗದಗಗಳಲ್ಲಿ ಸರ್ಕಾರಿ ಕಾಲೇಜುಗಳಿವೆ.

ಇದು ಸುಲಭದ ದಾರಿಯಲ್ಲ. ನಡುರಾತ್ರಿ ಕರು ಅಡ್ಡ ಸಿಕ್ಕಿದ ಎಮ್ಮೆಯ ಮುಂದೆ ಕೆಸರಲ್ಲಿ ಕೂರಬೇಕು. ಅದಕ್ಕೆ ಒಲ್ಲದ ಮಕ್ಕಳನ್ನು ಎಂಬಿಬಿಎಸ್ ಸಿಗಲಿಲ್ಲವೆಂದು ಇತ್ತ ತಳ್ಳುವುದೂ ತಪ್ಪು. ಮನಸ್ಸಿದ್ದವರನ್ನು ತಡೆಯದಿರಿ, ಹೆಣ್ಣುಮಕ್ಕಳೆಂದಂತೂ ತಡೆಯಲೇಬೇಡಿ.

ಆ ಬಂಧುವಿಗೆ ನಾನಂದೆ: "ಅರ್ಜಿ ಹಾಕಸ್ರಿ. ನಕ್ಕವರ ಎಮ್ಮಿ ಈಯುವಾಗ ಅಕಿನ್ನ ಕರಿಯಾಕ ಬರತಾರ."