ಖಾಲಾರ ಬಳೆ ಮತ್ತು ಮನೆಯಲ್ಲೇ ಕೂತು ಬರುವ ವರಮಾನ

2024ರ ಮೇ ತಿಂಗಳಲ್ಲಿ ಅವರ್ಸಾದ ನನ್ನ ಖಾಲಾರ ಮನೆಗೆ ಹೋಗಿದ್ದೆ. ಅಂಕೋಲೆಯ ಕರಿ ಇಶಾಡ ಮಾವಿನ ಕಾಲ. ಹೆದ್ದಾರಿಯಲ್ಲಿ ಬಸ್ಸಿಳಿದಾಗ ಕರೆದೊಯ್ಯಲು ಬಂದವನು ಖಾಲಾರ ಮಗ. ಗೋವಾದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು ಕೆಲಸ ಬಿಟ್ಟು ಊರಿಗೆ ಬಂದು ಎಂಟು ತಿಂಗಳಾಗಿತ್ತು. ಈಗೇನು ಮಾಡುತ್ತೀ ಎಂದರೆ ಮೊಬೈಲ್ ತೋರಿಸಿ ನಕ್ಕ. ಊಟಕ್ಕೆ ಕುಳಿತಾಗ ಖಾಲಾರೇ ಹೆಮ್ಮೆಯಿಂದ ಹೇಳಿದರು: “ಮನೆಯಲ್ಲೇ ಕೂತು ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ತರ್ತಾನೆ ಬೇಟಿ. ಅದೇನೋ ಆಪ್ಷನ್ ಮಾರೋದಂತೆ. ಕೊಳ್ಳುವವರು ಸೋಲ್ತಾರೆ, ಮಾರುವವರು ಗೆಲ್ತಾರಂತೆ.” ಬಡಿಸುತ್ತಿದ್ದ ಅವರ ಕೈಯಲ್ಲಿ ಗಾಜಿನ ಬಳೆಗಳಷ್ಟೇ ಇದ್ದವು. ಮಹ್ರ್‌ನಲ್ಲಿ ಬಂದಿದ್ದ ನಾಲ್ಕು ಚಿನ್ನದ ಬಳೆಗಳು ಕಾಣಲಿಲ್ಲ. ಕೇಳಿದೆ. ಬ್ಯಾಂಕಿನಲ್ಲಿ ಅಡವಿಟ್ಟು ಮಗನಿಗೆ ಬಂಡವಾಳ ಕೊಟ್ಟಿದ್ದರು.

ಆಪ್ಷನ್ ಮಾರುವುದು ಎಂದರೇನೆಂದು ಖಾಲಾರಿಗೆ ತಿಳಿದಿರಲಿಲ್ಲ. ನಮ್ಮಲ್ಲಿ ಅನೇಕ ಸಹೋದರಿಯರಿಗೂ ತಿಳಿದಿರಲಿಕ್ಕಿಲ್ಲ. ಅಂದು ಅವರ ಮುಂದಿದ್ದ ಮಾವಿನ ಬುಟ್ಟಿಯನ್ನೇ ಹಿಡಿದು ನಾನು ಹೀಗೆ ವಿವರಿಸಿದೆ.

ಒಬ್ಬ ವ್ಯಾಪಾರಿಯ ಬಳಿ ನೂರು ಬುಟ್ಟಿ ಮಾವು ಇದೆ. ಮಳೆ ಬೇಗ ಬಂದರೆ ಬೆಲೆ ಬಿದ್ದುಹೋದೀತೆಂಬ ಭಯ ಅವನಿಗೆ. ನಿಮ್ಮ ಬಳಿ ಬಂದು, “ಬುಟ್ಟಿಗೆ 20 ರೂಪಾಯಿಯಂತೆ ಈಗಲೇ 2,000 ಕೊಡುತ್ತೇನೆ. ತಿಂಗಳ ಕೊನೆಗೆ ಬೆಲೆ ಎಷ್ಟೇ ಇಳಿದರೂ ಬುಟ್ಟಿಗೆ 500ರಂತೆ ನೀವು ನನ್ನಿಂದ ಕೊಳ್ಳಬೇಕು” ಎನ್ನುತ್ತಾನೆ. ಬೆಲೆ ಇಳಿಯದಿದ್ದರೆ ಅವನು ನಿಮ್ಮ ಹತ್ತಿರ ಬರುವುದೇ ಇಲ್ಲ, 2,000 ನಿಮ್ಮದು. ಹೆಚ್ಚಿನ ವರ್ಷ ಹಾಗೆಯೇ ಆಗುತ್ತದೆ. ಒಂದು ವರ್ಷ ಬೆಲೆ 200ಕ್ಕೆ ಕುಸಿಯುತ್ತದೆ. ಆಗ ಬುಟ್ಟಿಗೆ 300ರಂತೆ 30,000 ನಷ್ಟ. ಪಡೆದ ಎರಡು ಸಾವಿರ ಕಳೆದರೆ 28,000. ಈ 2,000ಕ್ಕೆ ಷೇರುಪೇಟೆಯಲ್ಲಿ ಪ್ರೀಮಿಯಂ ಎನ್ನುತ್ತಾರೆ. ಬೆಲೆ ಬಿದ್ದರೆ ಕೊಳ್ಳುತ್ತೇನೆಂಬ ಈ ಬಗೆಯ ಆಪ್ಷನ್ನಿಗೆ ಪುಟ್ ಎಂದು ಹೆಸರು. ಇದಕ್ಕೆ ತದ್ವಿರುದ್ಧ, ಬೆಲೆ ಏರಿದರೂ ಗೊತ್ತಾದ ದರಕ್ಕೆ ಕೊಡುತ್ತೇನೆಂಬುದು ಕಾಲ್. ನಿಫ್ಟಿಯಂತಹ ಸೂಚ್ಯಂಕದ ಆಪ್ಷನ್ನಿನಲ್ಲಿ ಮಾವೂ ಇಲ್ಲ, ಬುಟ್ಟಿಯೂ ಇಲ್ಲ. ವ್ಯತ್ಯಾಸದ ಹಣ ಮಾತ್ರ ಕೈ ಬದಲಾಯಿಸುತ್ತದೆ.

ಅಂದರೆ ಪ್ರೀಮಿಯಂ ಎಂಬುದು ದುಡಿದ ಸಂಬಳವಲ್ಲ, ಹೂಡಿದ ಹಣದ ಲಾಭವೂ ಅಲ್ಲ. ಇನ್ನೊಬ್ಬನ ಮೇಲೆ ಬೀಳಬಹುದಾದ ನಷ್ಟವನ್ನು ನಮ್ಮ ಮನೆಯ ಮೇಲೆ ಎಳೆದುಕೊಳ್ಳುವುದಕ್ಕೆ ಸಿಗುವ ಬಾಡಿಗೆ. ಆ ನಷ್ಟ ತುಂಬಲು ಹಣವಿದೆಯೆಂದು ತೋರಿಸಲು ಬ್ರೋಕರ್ ಬಳಿ ಇಡುವ ಮೊತ್ತವೇ ಮಾರ್ಜಿನ್. ಖಾಲಾರ ಬಳೆಗಳು ಹೋದದ್ದು ಅಲ್ಲಿಗೆ.

“ಆಪಾ, ನೀವು ಹೆದರಿಸ್ತೀರಿ, ಅಷ್ಟೇ. ಎಂಟು ತಿಂಗಳಲ್ಲಿ ಸುಮಾರು 90 ಸಾವಿರ ಮಾಡಿದ್ದೇನೆ” ಎಂದ ಅವನು. ಲೆಕ್ಕ ಸುಳ್ಳಾಗಿರಲಿಲ್ಲ.

ಜೂನ್ 4ರಂದು ಲೋಕಸಭಾ ಚುನಾವಣೆಯ ಫಲಿತಾಂಶ ಬಂತು. ಹಿಂದಿನ ದಿನ 23,263ರಲ್ಲಿದ್ದ ನಿಫ್ಟಿ ಅಂದು ಒಂದು ಹಂತದಲ್ಲಿ 21,300ಕ್ಕಿಂತ ಕೆಳಗಿಳಿದು, 21,884ಕ್ಕೆ ಮುಗಿಯಿತು. ಅವನು 22,500ರ ಪುಟ್ ನಾಲ್ಕು ಲಾಟ್ ಮಾರಿದ್ದ. ಆಗ ಒಂದು ಲಾಟ್‌ಗೆ 25, ಒಟ್ಟು ನೂರು. ಪೇಟೆ ಕುಸಿದಂತೆ ಮಾರ್ಜಿನ್ ಸಾಲದಾಯಿತು. ಇನ್ನಷ್ಟು ಹಣ ಹಾಕಲು ಅವನಲ್ಲಿ ಇರಲಿಲ್ಲ. ನಡುಮಧ್ಯಾಹ್ನದೊಳಗೆ ಬ್ರೋಕರ್ ಕಡೆಯಿಂದಲೇ ವ್ಯವಹಾರ ಮುಚ್ಚಲ್ಪಟ್ಟಿತು. ನಷ್ಟ ಲಕ್ಷಕ್ಕೂ ಮೇಲೆ.

ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಸಂಗತಿ. ಆ ಆಪ್ಷನ್ನಿನ ಅವಧಿ ಇದ್ದದ್ದು ಜೂನ್ 6ರ ಗುರುವಾರದವರೆಗೆ. ಅಷ್ಟರಲ್ಲಿ ನಿಫ್ಟಿ ಮತ್ತೆ 22,800 ದಾಟಿತ್ತು. ಅವನ ಅಂದಾಜು ಸರಿಯಾಗಿಯೇ ಇತ್ತು! ಎರಡು ದಿನ ತಾಳುವಷ್ಟು ಹಣವಿದ್ದ ದೊಡ್ಡವರು ಉಳಿದರು, ತಾಯಿಯ ಬಳೆ ಇಟ್ಟವನು ಹೋದ.

ಇದು ಒಬ್ಬನ ದುರದೃಷ್ಟವಷ್ಟೇ ಎಂದುಕೊಳ್ಳಬೇಡಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93 ಶೇಕಡ ಮಂದಿ ಸೋತಿದ್ದರು. ಖರ್ಚೂ ಸೇರಿ ತಲಾ ನಷ್ಟ ಸುಮಾರು 2 ಲಕ್ಷ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಇದರಲ್ಲಿ ಕೊಳ್ಳುವವರೂ ಮಾರುವವರೂ ಇದ್ದಾರೆ. 2024-25ರ ಲೆಕ್ಕದಲ್ಲೂ ಸೋತವರು 91 ಶೇಕಡ. ಗೆದ್ದವರಾರು? ಹೆಚ್ಚಾಗಿ ಕಂಪ್ಯೂಟರ್ ಪ್ರೋಗ್ರಾಂಗಳ ಮೂಲಕ ವ್ಯವಹರಿಸುವ ದೊಡ್ಡ ಸಂಸ್ಥೆಗಳು. ಅವರೆದುರು ಹಳ್ಳಿಯ ಜಗಲಿಯಲ್ಲಿ ಕೂತು ಮೊಬೈಲ್ ಒತ್ತುವ ಹುಡುಗ!

ಇನ್ನು ಹಲಾಲ್-ಹರಾಮಿನ ಪ್ರಶ್ನೆ. ಇಸ್ಲಾಮೀ ಸಹಕಾರ ಸಂಘಟನೆಯ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1992ರ ಮೇ ತಿಂಗಳಲ್ಲಿ ಜಿದ್ದಾದಲ್ಲಿ ಸಭೆ ಸೇರಿ ಇದನ್ನು ಚರ್ಚಿಸಿತು. ಆಪ್ಷನ್ನಿನಲ್ಲಿ ಮಾರಾಟವಾಗುವುದು ವಸ್ತುವೂ ಅಲ್ಲ, ವಸ್ತುವಿನ ಉಪಯೋಗವೂ ಅಲ್ಲ, ಬೆಲೆ ಪಡೆದು ಬಿಟ್ಟುಕೊಡಬಹುದಾದ ಆರ್ಥಿಕ ಹಕ್ಕೂ ಅಲ್ಲ. ಆದ್ದರಿಂದ ಈ ಕರಾರು ಸಮ್ಮತವಲ್ಲ ಎಂಬುದು ಅದರ ತೀರ್ಮಾನ. ಹಣ್ಣು ಬಲಿತದ್ದು ಕಾಣುವ ಮೊದಲೇ ಮರದ ಫಸಲನ್ನು ಮಾರುವುದನ್ನು ಪ್ರವಾದಿ(ಸ) ತಡೆದಿದ್ದರೆಂಬುದು ನಮಗೆ ಗೊತ್ತು. ಹೂವಿನಲ್ಲೇ ಮಾವಿನ ತೋಟ ಮಾರುವುದು ಸರಿಯೇ ಎಂದು ನಮ್ಮ ಹಿರಿಯರು ಚರ್ಚಿಸುತ್ತಿದ್ದುದು ಇದೇ ಕಾರಣಕ್ಕೆ. ಮುಹಮ್ಮದ್ ಹಾಶಿಮ್ ಕಮಾಲಿಯವರಂತಹ ವಿದ್ವಾಂಸರು ಬೇರೆ ಅಭಿಪ್ರಾಯ ಮಂಡಿಸಿರುವುದೂ ನಿಜ. ಖಾಲಾರ ಮಗ ಅದನ್ನು ನನಗೆ ತೋರಿಸಿದ್ದ. ಆದರೆ ಅವನ ವ್ಯವಹಾರದಲ್ಲಿ ಬಡ್ಡಿಯ ಸಾಲವಿತ್ತು, ಬಡ್ಡಿ ಬ್ಯಾಂಕುಗಳೇ ದೊಡ್ಡ ಪಾಲಿರುವ ಸೂಚ್ಯಂಕವಿತ್ತು. ಭಿನ್ನಾಭಿಪ್ರಾಯದ ನೆರಳು ಅಲ್ಲಿಯವರೆಗೆ ಚಾಚುತ್ತದೆಯೇ?

ಸ್ವಂತ ಷೇರು ಇಟ್ಟುಕೊಂಡೇ ಕಾಲ್ ಮಾರಿದರೆ ಅಪಾಯವಿಲ್ಲವಲ್ಲ ಎನ್ನುವವರೂ ಇದ್ದಾರೆ. ಅಪಾಯ ಕಡಿಮೆ, ನಿಜ. ಆದರೆ ಷೇರು ಬಿದ್ದರೆ ನಷ್ಟ ನಿಮ್ಮದೇ, ಏರಿದರೆ ಲಾಭ ಇನ್ನೊಬ್ಬನದು. ಜಿದ್ದಾದ ತೀರ್ಮಾನವೂ ಅದಕ್ಕೆ ವಿನಾಯಿತಿ ಕೊಟ್ಟಿಲ್ಲ. ಷೇರನ್ನೇ ಕೊಳ್ಳುವುದು ಬೇರೆ ಮಾತು. ಕಂಪೆನಿಯ ಉದ್ಯೋಗ ಹಲಾಲ್ ಆಗಿದ್ದು ಬಡ್ಡಿಸಾಲ ಮಿತಿಯಲ್ಲಿದ್ದರೆ ಅನೇಕ ಉಲಮಾಗಳು ಅದನ್ನು ಒಪ್ಪಿದ್ದಾರೆ. ಅಂತಹ ಕಂಪೆನಿಗಳಿಗಾಗಿ ನಿಫ್ಟಿ 50 ಶರಿಯಾ ಎಂಬ ಸೂಚ್ಯಂಕವೇ ಇದೆ.

ಮನೆಯಲ್ಲಿ ಯಾರಾದರೂ ಇದನ್ನು ಮಾಡುತ್ತಿದ್ದರೆ ಜಗಳ ಬೇಡ. ಬ್ರೋಕರ್ ಕೊಡುವ ವರ್ಷದ ಲಾಭ-ನಷ್ಟದ ಪಟ್ಟಿಯನ್ನು ಕೇಳಿ. ಆದಾಯ ತೆರಿಗೆಯ ರಿಟರ್ನಿನಲ್ಲಿ ಇದನ್ನು ವ್ಯಾಪಾರದ ಆದಾಯವಾಗಿ ತೋರಿಸಲೇಬೇಕಾದ್ದರಿಂದ ಆ ಪಟ್ಟಿ ಇದ್ದೇ ಇರುತ್ತದೆ. ಗೆದ್ದ ತಿಂಗಳುಗಳನ್ನು ಬಾಯಿಯಲ್ಲಿ ಹೇಳುವುದು ಸುಲಭ. ನಿಮ್ಮ ಚಿನ್ನ ನಿಮ್ಮದು. ಮಗನಿಗಾದರೂ ಅದನ್ನು ಕೊಡುವ ಮೊದಲು ಕೇಳುವ ಹಕ್ಕು ನಿಮಗಿದೆ.

ಜೂನ್ ಕೊನೆಯಲ್ಲಿ ಖಾಲಾ ಫೋನ್ ಮಾಡಿದರು. ಬಳೆಗಳ ಮಾತೇ ಎತ್ತಲಿಲ್ಲ. “ಬೇಟಿ, ಆ ಎಂಟು ತಿಂಗಳು ಅವನು ತಂದ ಅಕ್ಕಿ, ಮೀನು ನಾವೆಲ್ಲ ತಿಂದೆವಲ್ಲ, ಅದಕ್ಕೇನು?” ಎಂದರು. ಉತ್ತರ ನನ್ನಲ್ಲಿರಲಿಲ್ಲ, ಆಲಿಮರನ್ನು ಕೇಳಿ ಎಂದೆ. ಮಗ ಮತ್ತೆ ಗೋವಾಕ್ಕೆ, ಅದೇ ಹೋಟೆಲಿನ ಲೆಕ್ಕದ ಮೇಜಿಗೆ ಹೋದ. ಪ್ರತಿ ತಿಂಗಳು ಬ್ಯಾಂಕಿಗೆ ಕಟ್ಟುತ್ತಾ ಬಂದಿದ್ದಾನೆ. ಎರಡು ಬಳೆ ಬಿಡಿಸಿಯಾಗಿದೆ.