ಮನೆವಾರ್ತೆ: ಬಾಗಿಲು ಮುಚ್ಚಿದ ಬೇಸಗೆ



ಬೇಸಗೆಯು ಕಾಲಿಟ್ಟಿತೆಂದರೆ ಅಟ್ಟವನ್ನು ಗುಡಿಸಿ, ಹಪ್ಪಳ ಸಂಡಿಗೆಗಳ ಡಬ್ಬಿಗಳನ್ನು ಕೆಳಕ್ಕಿಳಿಸಿ ಬಿಸಿಲಿಗಿಡುವುದು ನಮ್ಮ ಮನೆಯ ವಾಡಿಕೆ. ಮೊನ್ನೆ ಹಾಗೆ ಅಟ್ಟವನ್ನೇರಿದಾಗ ಹಳೆಯ ಟ್ರಂಕಿನ ಮೂಲೆಯಲ್ಲಿ ಒಂದು ಬಟ್ಟೆಯ ಚೀಲವು ಸಿಕ್ಕಿತು. ನನ್ನ ಹಳೆಯ ವಾಯಿಲ್ ಸೀರೆಯನ್ನು ಹರಿದು ಹೊಲಿದ ಏಳೆಂಟು ಮುಖಗವಸುಗಳು, ನಾಲ್ಕು ಕವಡೆಗಳು, ಮರದ ಒಂದು ಬುಗುರಿ, ಇಷ್ಟು ಅದರೊಳಗಿದ್ದುವು. ‘ಇನ್ನೇಕಮ್ಮಾ ಇವೆಲ್ಲ? ಬಿಸುಟುಬಿಡು’ ಎಂದನು ಮಗ. ಅಂದು ಹತ್ತು ವರ್ಷದ ಹುಡುಗನಾಗಿದ್ದವನು ಇಂದು ನನಗಿಂತ ಗೇಣುದ್ದ ಎತ್ತರವಾಗಿದ್ದಾನೆ. ನಾನು ಬಿಸುಡಲಿಲ್ಲ. ಗವಸುಗಳನ್ನು ಒಗೆದು ಮಡಿಸಿ, ಚೀಲವನ್ನು ಮತ್ತೆ ಟ್ರಂಕಿನಲ್ಲಿಯೇ ಇಟ್ಟೆನು. ಏಕೆಂಬುದನ್ನು ಹೇಳುವುದಕ್ಕಾಗಿ ಈ ತಿಂಗಳ ಪುಟವನ್ನು ಮೀಸಲಿಟ್ಟಿದ್ದೇನೆ.

2020ನೆಯ ಇಸವಿಯ ಮಾರ್ಚ್ ತಿಂಗಳ 25ನೆಯ ತಾರೀಖು ತಮಗೆಲ್ಲ ನೆನಪಿರಬಹುದು. ಶಾರ್ವರಿ ಸಂವತ್ಸರದ ಯುಗಾದಿಯೂ ಅಂದೇ. ಕೊರೋನಾ ಬೇನೆಯ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದ ಮೊದಲನೆಯ ದಿನವೂ ಅಂದೇ. ಶಾರ್ವರಿಯೆಂದರೆ ರಾತ್ರಿ. ಬೇವುಬೆಲ್ಲವನ್ನು ಅಂಗೈಗಿಡುತ್ತ ನಮ್ಮ ಅತ್ತೆಯವರು, ‘ಈ ವರ್ಷ ಬೇವನ್ನು ಮೊದಲು ಅಗಿದುಬಿಡಿ, ಬೆಲ್ಲ ಆಮೇಲಾಯಿತು’ ಎಂದರು. ನಾವೆಲ್ಲ ನಕ್ಕೆವು.

ನಮ್ಮ ಮನೆಯಿರುವುದು ರಾಮನಗರದಲ್ಲಿ, ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಚ್ಚು ದೂರವಲ್ಲದ ಒಂದು ಓಣಿಯಲ್ಲಿ. ಬೆಂಗಳೂರು ಮೈಸೂರು ಹೆದ್ದಾರಿಯ ಗದ್ದಲ, ರೈಲಿನ ಕೂಗು, ನೂಲು ಬಿಚ್ಚುವ ಯಂತ್ರಗಳ ಸದ್ದು, ಬೇಯುವ ಗೂಡಿನ ಆ ಒಂದು ಬಗೆಯ ವಾಸನೆ, ಇವು ನಮಗೆ ಉಸಿರಿನಷ್ಟೇ ಸಹಜವಾಗಿದ್ದುವು. ಇವೆಲ್ಲವೂ ಒಂದೇ ದಿನದಲ್ಲಿ ನಿಂತುಹೋದುವು. ನನ್ನ ಅಕ್ಕನನ್ನು ಕೊಟ್ಟಿರುವುದು ಕನಕಪುರದ ಕಡೆಯ ಒಂದು ಹಳ್ಳಿಗೆ. ಅಣ್ಣನ ಮಗಳು ಚನ್ನಪಟ್ಟಣದಲ್ಲಿದ್ದಾಳೆ. ಅತ್ತೆಯವರ ತೌರು ಮಾಗಡಿ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನೇ ಕೂಡಿಸಿ ರಾಮನಗರ ಜಿಲ್ಲೆಯನ್ನು ಮಾಡಿದಾಗ, ನಮ್ಮ ನೆಂಟರೆಲ್ಲ ಒಂದೇ ಜಿಲ್ಲೆಯವರಾದೆವೆಂದು ನಾವು ಹಾಸ್ಯ ಮಾಡಿದ್ದುಂಟು. (ಆ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಬದಲಾಯಿತು.) ಬೆಳಗ್ಗೆ ಹೊರಟು ಊಟ ಮುಗಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುತ್ತಿದ್ದ ಕನಕಪುರವು ಆ ಯುಗಾದಿಯಿಂದ ನಮಗೆ ಕಾಶಿಯಷ್ಟು ದೂರವಾಯಿತು.

ಮೊದಲ ವಾರದ ದಿಗಿಲು ಕಳೆದ ಮೇಲೆ ಮನೆಯು ತನ್ನದೇ ಆದ ಒಂದು ಕ್ರಮವನ್ನು ಕಂಡುಕೊಂಡಿತು. ಬೆಳಗಿನ ತಂಪಿನಲ್ಲಿಯೇ ಮನೆಗೆಲಸವೆಲ್ಲ ಮುಗಿಯುತ್ತಿತ್ತು. ಬಿಸಿಲೇರಿದ ಮೇಲೆ ಮಹಡಿಯಲ್ಲಿ ಹಳೆಯ ಪಂಚೆಯನ್ನು ಹಾಸಿ ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಒಣಗಹಾಕುವುದು. ಕಾಗೆ ಕಾಯುವುದು ಮಗನ ಪಾಲಿನ ಕೆಲಸ. ಮಧ್ಯಾಹ್ನ ನಡುಮನೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬರಿಯ ನೆಲದ ಮೇಲೆ ಎಲ್ಲರೂ ಉರುಳಿಕೊಳ್ಳುವೆವು. ಎದ್ದಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು ಆಟಕ್ಕೆ ಕುಳಿತರೆ, ಎಂಬತ್ತು ವರ್ಷದ ಅತ್ತೆಯವರು ಕವಡೆಯಲ್ಲಿ ಮೋಸ ಮಾಡಿ ಮೊಮ್ಮಗನನ್ನು ಅಳಿಸುವರು. ಆ ದಿನಗಳಲ್ಲಿ ದೂರದರ್ಶನದವರು ರಾಮಾಯಣವನ್ನು ಮರಳಿ ತೋರಿಸತೊಡಗಿದ್ದರು. ಮೂವತ್ತು ವರ್ಷಗಳ ಹಿಂದೆ ಇಡೀ ಬೀದಿಯೇ ಒಂದು ಮನೆಯಲ್ಲಿ ಸೇರಿ ನೋಡಿದ್ದನ್ನು ಈಗ ಒಂದೊಂದು ಮನೆಯವರು ತಮ್ಮ ತಮ್ಮ ಬಾಗಿಲನ್ನಿಕ್ಕಿಕೊಂಡು ನೋಡಿದೆವು.

ಏಪ್ರಿಲ್ 2ರಂದು ರಾಮನವಮಿ ಬಂದಿತು. ರಾಮನ ಹೆಸರನ್ನೇ ಹೊತ್ತ ನಮ್ಮ ಊರಿನಲ್ಲಿ ಆ ದಿನ ಬೀದಿಬೀದಿಗೂ ಪಾನಕ ಹಂಚುವುದು ರೂಢಿ. ಆ ವರ್ಷ ಹಂಚುವವರೂ ಇಲ್ಲ, ಕುಡಿಯುವವರೂ ಇಲ್ಲ. ಒಂದು ಪಾವು ಪುಡಿ ಬೆಲ್ಲಕ್ಕೆ ನಾಲ್ಕು ಪಾವು ನೀರು, ಎರಡು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಕುಟ್ಟಿದ ಒಣಶುಂಠಿ, ಮೆಣಸು, ಏಲಕ್ಕಿ. ಇಷ್ಟನ್ನು ಬೆರೆಸಿ, ಶೋಧಿಸಿ, ಮಣ್ಣಿನ ಗಡಿಗೆಯಲ್ಲಿ ಎರಡು ಗಳಿಗೆ ಇಟ್ಟರೆ ಪಾನಕವು ತಾನಾಗಿ ತಂಪಾಗುವುದು. ಗಡಿಗೆಯ ಮೈಯಿಂದ ಒಸರುವ ನೀರು ಆರುವಾಗ ಒಳಗಿನ ಬಿಸಿಯನ್ನೂ ಹೊತ್ತೊಯ್ಯುವುದರಿಂದ, ಗಾಳಿಯಾಡುವ ಕಿಟಕಿಯ ಬಳಿ ಅದನ್ನಿಡುವುದು ಒಳ್ಳೆಯದು. ಅತ್ತೆಯವರು ಒಂದು ಚೊಂಬು ಪಾನಕವನ್ನು ಜಗಲಿಯ ಮೇಲಿಟ್ಟು, ಬೀದಿ ಗುಡಿಸುವಾಕೆ ಬಂದು ಕುಡಿದು ಹೋಗುವವರೆಗೂ ಕಿಟಕಿಯಲ್ಲಿ ನಿಂತು ನೋಡಿದರು.

ಮೇ ತಿಂಗಳ ಮೊದಲಲ್ಲಿ ಕೇಂದ್ರ ಸರ್ಕಾರದವರು ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದರು. ಬೆಂಗಳೂರು ಕೆಂಪಿನಲ್ಲಿ, ಅದಕ್ಕೆ ಅಂಟಿಕೊಂಡಂತಿರುವ ನಾವು ಹಸಿರಿನಲ್ಲಿ. ನಮಗೆ ಒಂದು ಬಗೆಯ ಹೆಮ್ಮೆಯೇ ಬಂದಿತೆನ್ನಬೇಕು. ಆ ಬೇಸಗೆಯು ನನಗೆ ಹಿತವಾಗಿದ್ದಿತೆಂದು ಬರೆಯುವುದಕ್ಕೆ ಇಂದು ಸಂಕೋಚವಾಗುತ್ತದೆ. ಆದರೆ ಹಿತವಾಗಿದ್ದುದು ನಿಜ. ಹೆದ್ದಾರಿಯಲ್ಲಿ ಗಂಟುಮೂಟೆಗಳನ್ನು ಹೊತ್ತು ನಡೆದುಹೋಗುತ್ತಿದ್ದ ಕೂಲಿಯವರ ಮಾತು ಕಿವಿಗೆ ಬಿದ್ದಾಗ ಮಾತ್ರ ಕೈಯಲ್ಲಿದ್ದ ತುತ್ತು ಕ್ಷಣಕಾಲ ನಿಲ್ಲುತ್ತಿತ್ತು.

ಚನ್ನಪಟ್ಟಣದ ನಮ್ಮ ಹುಡುಗಿಯ ಯಜಮಾನರು ಬೊಂಬೆ ಮಾಡುವವರು. ಹಾಲಿನಂತೆ ಬಿಳುಪಾದ ಆಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನೊತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವುದು. ಆಮೇಲೆ ಒಣಗರಿಯಿಂದ ತೀಡಿ ಹೊಳಪು ಕೊಡುವರು. ಜಪಾನಿನ ಕುಶಲತೆಯನ್ನು ಬೊಂಬೆಯ ಕೆಲಸಕ್ಕೆ ಅಳವಡಿಸಿಕೊಂಡ ಬಾವಸ್ ಮಿಯಾ ಅವರ ಹೆಸರನ್ನು ಆ ಊರಿನ ಕುಶಲಿಗಳು ಇಂದಿಗೂ ಗೌರವದಿಂದ ಹೇಳುತ್ತಾರೆ. ಹೆದ್ದಾರಿಯಲ್ಲಿ ಕಾರುಗಳೇ ಇಲ್ಲದ ಮೇಲೆ ಬೊಂಬೆ ಕೊಳ್ಳುವವರೆಲ್ಲಿ? ಎರಡು ತಿಂಗಳು ಚರಕಿ ನಿಂತಿತು. ‘ಕೈ ಸುಮ್ಮನಿದ್ದರೆ ಮನಸ್ಸು ಕೆಡುತ್ತೆ ಅಂತ ಉಳಿದ ಚೂರಿನಲ್ಲೇ ಏನಾದರೂ ಕಡೀತಾರೆ ಅತ್ತೆ’ ಎಂದಳು ಅಣ್ಣನ ಮಗಳು ಫೋನಿನಲ್ಲಿ. ತರಕಾರಿ ಗಾಡಿಯವನ ಕೈಯಲ್ಲಿ ಒಂದು ದಿನ ಹಳದಿ ಕೆಂಪು ಪಟ್ಟೆಗಳ ಬುಗುರಿಯು ಬಂದಿತು. ಅದೇ ಗಾಡಿಯಲ್ಲಿ ನಾವು ರಾಗಿ, ಬೇಳೆ, ಸ್ವಲ್ಪ ಹಣವನ್ನು ಕಳುಹಿಸಿದೆವು. ಬೊಂಬೆಯ ಬೆಲೆಯೆಂದು ಬರೆದು ಕಳುಹಿಸಿದ್ದರಿಂದ ಅವರು ಹಿಂದಿರುಗಿಸಲಿಲ್ಲ. ಕೊಡುವಾಗ ಕೊಡುವ ಬಗೆಯನ್ನೂ ನೋಡಬೇಕೆಂಬುದನ್ನು ನನಗೆ ಕಲಿಸಿದವರು ಅತ್ತೆಯವರೇ.

ಅಕ್ಕನ ಮನೆಯದು ಹಿಪ್ಪುನೇರಳೆ ತೋಟ, ತೋಟದ ಅಂಚಿನಲ್ಲಿ ಹುಳು ಮನೆ. ರೇಷ್ಮೆ ಹುಳುವು ತಿಂಗಳೊಪ್ಪತ್ತಿನೊಳಗಾಗಿ ನಾಲ್ಕು ಸಲ ಪೊರೆ ಕಳಚುವುದು. ಪೊರೆ ಕಳಚುವ ಮುನ್ನ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಒಂದು ದಿನ ಕುಳಿತುಬಿಡುವುದು. ಇದಕ್ಕೆ ನಮ್ಮ ಕಡೆಯ ರೈತರು ‘ಜ್ವರ’ ಎನ್ನುವರು. ಮೊದಲನೆಯ ಜ್ವರ, ಎರಡನೆಯ ಜ್ವರ, ಹೀಗೆ ನಾಲ್ಕು ಜ್ವರಗಳು ಎದ್ದ ಹುಳು ಏಳೆಂಟು ದಿನ ಹಗಲಿರುಳೆನ್ನದೆ ಸೊಪ್ಪು ತಿಂದು ಹಣ್ಣಾಗುವುದು. ಆಗ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುವುದು. ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಒಳಗೆ ಹೋಗುವವರು ಕೈಕಾಲು ತೊಳೆದು, ಬಾಗಿಲಲ್ಲಿ ಹಾಸಿದ ಸುಣ್ಣ ಬ್ಲೀಚಿಂಗ್ ಪುಡಿಯನ್ನು ತುಳಿದು ಹೋಗಬೇಕು. ತಟ್ಟೆಯಲ್ಲಿ ಹುಳುಗಳನ್ನು ಒತ್ತಾಗಿ ಬಿಡಬಾರದು. ರೋಗದ ಹುಳುವನ್ನು ಕಂಡೊಡನೆ ಆರಿಸಿ ತೆಗೆಯಬೇಕು. ರೇಡಿಯೋದಲ್ಲಿ ಅಂತರ, ಕೈ ತೊಳೆಯುವುದು ಎಂದೆಲ್ಲ ಹೇಳತೊಡಗಿದಾಗ ಭಾವನವರು ನಕ್ಕು, ‘ಹುಳುವಿಗೆ ಮಾಡೋದನ್ನ ಈಗ ಮನುಷ್ಯರಿಗೂ ಮಾಡಿ ಅಂತಾರೆ, ಅಷ್ಟೇ ತಾನೆ?’ ಎಂದಿದ್ದರು. ಅತ್ತೆಯವರೂ ಇದನ್ನೇ ಹಿಡಿದು, ‘ಊರೆಲ್ಲ ಜ್ವರಕ್ಕೆ ಕೂತಿದೆ. ಜ್ವರಕ್ಕೆ ಕೂತ ಹುಳುವನ್ನು ಕದಲಿಸಬಾರದು ಕಣಮ್ಮ, ತಾನೇ ಏಳುತ್ತೆ’ ಎನ್ನುತ್ತಿದ್ದರು.

ಅವರಿಗೆ ಇದು ಹೊಸ ಮಾತಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮುಂದೆ ಎಷ್ಟೋ ವರ್ಷ ಮೈಸೂರು ಸೀಮೆಯ ಊರೂರನ್ನು ಕಾಡಿತಷ್ಟೆ. ಇಲಿ ಬಿದ್ದಿತೆಂದರೆ ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದುದನ್ನೂ, 1918ರ ಇನ್‌ಫ್ಲುಯೆಂಜಾದಲ್ಲಿ ಮನೆಮನೆಯೂ ಮಲಗಿದುದನ್ನೂ ಅವರು ಮಾಗಡಿಯಲ್ಲಿ ತಮ್ಮ ತಾಯಿಯ ಬಾಯಿಂದ ಕೇಳಿದ್ದರು. ಆ ಗುಡಿಸಲುಗಳಲ್ಲಿಯೂ ಮಕ್ಕಳು ಅಳಿಗುಳಿಮಣೆಗೆ ಬದಲು ನೆಲದಲ್ಲಿ ಗುಳಿ ತೋಡಿ ಹುಣಿಸೆಬೀಜದಲ್ಲಿ ಆಡುತ್ತಿದ್ದರಂತೆ.

2021ರ ಬೇಸಗೆಯು ಹಾಗಿರಲಿಲ್ಲ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಬಾಗಿಲು ಮುಚ್ಚಿತು. ಈ ಸಲ ಬೇನೆಯು ಪಟ್ಟಣವನ್ನು ಬಿಟ್ಟು ಹಳ್ಳಿಗಳ ಒಳಹೊಕ್ಕಿತು. 45 ವರ್ಷ ದಾಟಿದವರಿಗೆಲ್ಲ ಆ ತಿಂಗಳ ಮೊದಲ ತಾರೀಖಿನಿಂದ ಲಸಿಕೆ ಹಾಕುತ್ತಿದ್ದರು. ನಾವು ಹಾಕಿಸಿಕೊಂಡು, ಭಾವನವರಿಗೂ ಹೇಳಿದೆವು. ‘ಲಸಿಕೆ ಹಾಕಿಸಿಕೊಂಡರೆ ಎರಡು ದಿನ ಮೈಕೈ ನೋವಂತೆ, ಈಗ ಹುಳು ಮಲಗೋಕೆ ಬಿಡುತ್ತಾ? ಈ ಬೆಳೆ ಒಂದು ಮುಗಿದುಬಿಡಲಿ’ ಎಂದರು ಅವರು. ಮೇ ತಿಂಗಳ ಎರಡನೆಯ ವಾರದಲ್ಲಿ, ಹುಳುಗಳು ನಾಲ್ಕನೆಯ ಜ್ವರವೆದ್ದ ದಿನವೇ, ಅವರಿಗೆ ಜ್ವರ ಬಂದಿತು. ಆಸ್ಪತ್ರೆಗೆ ಸೇರಿಸಿದ ಒಂಬತ್ತನೆಯ ದಿನ ತೀರಿಕೊಂಡರು. ಅಕ್ಕನೂ ಅದೇ ಬೇನೆಯಲ್ಲಿ ಮನೆಯ ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿದ್ದಳು.

ನಾನು ಹೋಗಲಿಲ್ಲ. ಕಷ್ಟಪಟ್ಟಿದ್ದರೆ ಪಾಸು ಸಿಕ್ಕುತ್ತಿತ್ತು. ಮನೆಯಲ್ಲಿ ಮುದುಕಿಯಾದ ಅತ್ತೆಯವರಿದ್ದರೆಂಬುದು ನಿಜ. ಎಲ್ಲರಿಗೂ ನಾನು ಅದನ್ನೇ ಹೇಳಿದೆನು. ಆದರೆ ನನಗೆ ಹೆದರಿಕೆಯಿದ್ದಿತೆಂಬುದೂ ನಿಜ. ಅದನ್ನು ಯಾರಿಗೂ ಹೇಳಲಿಲ್ಲ. ಹಿಂದಿನ ವರ್ಷ ಅಷ್ಟು ಹಿತವಾಗಿದ್ದ ನಡುಮನೆಯ ತಣ್ಣನೆಯ ನೆಲವು ಆ ರಾತ್ರಿಗಳಲ್ಲಿ ನನಗೆ ನಿದ್ರೆ ಕೊಡಲಿಲ್ಲ.

ಆಗ ಅಕ್ಕನ ಹುಳುಗಳನ್ನು ನೋಡಿಕೊಂಡವರು ಯಾರೆಂದು ಬಲ್ಲಿರಾ? ಒಂದು ಬದುವಿನ ವಿಚಾರವಾಗಿ ಎಷ್ಟೋ ಕಾಲದಿಂದ ಮಾತು ಬಿಟ್ಟಿದ್ದ ಪಕ್ಕದ ಹೊಲದವರು. ಐದನೆಯ ಹಂತದ ಹುಳು ಒಂದು ಹೊತ್ತು ಸೊಪ್ಪಿಲ್ಲದಿದ್ದರೂ ಸೊರಗುವುದು. ಆ ಮನೆಯ ಅತ್ತೆ ಸೊಸೆಯರಿಬ್ಬರೂ ದಿನಕ್ಕೆ ಮೂರು ಹೊತ್ತು ಬಂದು, ಸುಣ್ಣವನ್ನು ತುಳಿದು ಹುಳು ಮನೆ ಹೊಕ್ಕು, ಸೊಪ್ಪು ಹಾಕಿ ಹೋದರು. ಹಣ್ಣಾದ ಹುಳುಗಳನ್ನು ಅವರೇ ಚಂದ್ರಿಕೆಗೆ ಬಿಟ್ಟರು. ಗೂಡು ಬಿಡಿಸಿ ಹತ್ತು ಹನ್ನೆರಡು ದಿನ ಇಟ್ಟರೆ ಚಿಟ್ಟೆಯು ಗೂಡನ್ನು ತೂತು ಮಾಡಿ ಹೊರಬರುವುದು, ನೂಲು ತುಂಡಾಗುವುದು. ಅದಕ್ಕೆ ಮೊದಲೇ ಅವರ ಮನೆಯ ಗಂಡಸರು ಗೂಡನ್ನು ಮಾರಿ, ಹಣವನ್ನು ಬಟ್ಟೆಯಲ್ಲಿ ಕಟ್ಟಿ ಅಕ್ಕನ ಜಗಲಿಯ ಮೇಲಿಟ್ಟು ದೂರ ನಿಂತು ಕೂಗಿದರಂತೆ. ಬದುವಿನ ಮಾತನ್ನು ಅಂದಿನಿಂದ ಇಬ್ಬರೂ ಎತ್ತಿಲ್ಲ.

ನಾನು ಮಾಡಿದ್ದು ಒಂದೇ. ರಾತ್ರಿ ಒಂಬತ್ತು ಗಂಟೆಗೆ ಫೋನು ಮಾಡುತ್ತಿದ್ದೆನು. ಭಾವನವರ ವಿಷಯವನ್ನು ನಾವು ಆಡುತ್ತಿರಲಿಲ್ಲ. ‘ಇವತ್ತು ಏನು ಸಾರು?’ ಎಂದು ಅವಳು ಕೇಳುವಳು. ‘ಸೊಪ್ಪಿನ ಬಸ್ಸಾರು’ ಎಂದು ನಾನು ಹೇಳುವೆನು. ‘ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದೆಯಾ?’ ಎನ್ನುವಳು. ಒಂದು ರಾತ್ರಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ‘ಜ್ವರಕ್ಕೆ ಕೂತದ್ದೆಲ್ಲ ಏಳೋದಿಲ್ಲ ಕಣೇ’ ಎಂದಳು. ನನಗೆ ಉತ್ತರ ತೋಚಲಿಲ್ಲ. ಫೋನನ್ನು ಇಬ್ಬರೂ ಇಡಲಿಲ್ಲ.

ಜೂನ್ ತಿಂಗಳ ಕೊನೆಯಲ್ಲಿ ಬಸ್ಸು ಬಿಟ್ಟ ಮೇಲೆ, ಒಂದು ಡಬ್ಬಿ ಸಂಡಿಗೆಯನ್ನು ಹಿಡಿದುಕೊಂಡು ಕನಕಪುರಕ್ಕೆ ಹೋದೆನು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡಿದ್ದೆನು. ಅಕ್ಕ ಹುಳು ಮನೆಯ ಬಾಗಿಲಲ್ಲಿ ನಿಂತಿದ್ದಳು. ಅರ್ಧಕ್ಕೆ ಅರ್ಧ ಇಳಿದುಹೋಗಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ‘ಬಂದೆಯಾ? ಕೈಕಾಲು ತೊಳೆದುಕೊಂಡು ಒಳಗೆ ಬಾ, ಸೊಪ್ಪು ಹಾಕೋ ಹೊತ್ತಾಯಿತು’ ಎಂದಳು. ಇಬ್ಬರೂ ಕೂಡಿ ಸೊಪ್ಪು ಹಾಕಿದೆವು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಸುರಿದಂತೆ ಕೇಳುತ್ತದೆ. ಆ ಸದ್ದಿನ ನಡುವೆ ನಾವು ಅತ್ತೆವು.

ಸೋದರಿಯರೆ, ಚೀಲವನ್ನು ಏಕೆ ಬಿಸುಡಲಿಲ್ಲವೆಂಬುದು ಈಗ ತಿಳಿದಿರಬಹುದು. ಮೊದಲನೆಯ ಬೇಸಗೆಯ ಹಿತವೂ ನನ್ನದೇ, ಎರಡನೆಯದರ ಕುಂದೂ ನನ್ನದೇ. ಒಂದನ್ನಿಟ್ಟುಕೊಂಡು ಇನ್ನೊಂದನ್ನು ಬಿಸುಡಲಾಗದು. ಈ ವರ್ಷವೂ ಸಂಡಿಗೆಯ ಹಿಟ್ಟನ್ನು ಎರಡು ಮನೆಗೆ ಸಾಕಾಗುವಷ್ಟು ಕಲಸಿದ್ದೇನೆ. ತಾವೂ ಹಾಗೆಯೇ ಮಾಡಿ. ಎರಡನೆಯ ಮನೆ ಯಾವುದೆಂಬುದು ಹಿಟ್ಟು ಕಲಸುವಾಗ ತಾನಾಗಿ ಹೊಳೆಯುವುದು. ಲಸಿಕೆಯೋ ಔಷಧವೋ ಹಾಕಿಸಿಕೊಳ್ಳಬೇಕಾದವರು ಮನೆಯಲ್ಲಿದ್ದರೆ ಬೆಳೆ ಮುಗಿಯಲೆಂದು ಕಾಯಬೇಡಿ.

ಗಡಿಯಾರವು ಒಂಬತ್ತು ಹೊಡೆಯುತ್ತಿದೆ. ಅಕ್ಕನ ಫೋನಿನ ವೇಳೆ. ಇಂದು ಅವಳ ಮನೆಯಲ್ಲಿ ಏನು ಸಾರೋ ಕೇಳಬೇಕು. ಮುಂದಿನ ತಿಂಗಳು ಮತ್ತೆ ಕಾಣುವೆನು.